ಖಾಲಿ ಜಾಗಕ್ಕೊಂದು ನೂಲು

ಅಕ್ಕ ನಿವೃತ್ತರಾದರು. ಅವಿನಾಶಿಯ ಆ ಬನಿಯನ್ ಕಂಪನಿಯವರು ಬೀಳ್ಕೊಡುಗೆಯ ದಿನ ಹಂಚಲು ಒಂದು ಪುಟ್ಟ ಪುಸ್ತಿಕೆ ಮಾಡುತ್ತಿದ್ದಾರಂತೆ. ಹಳೆಯ ಸಹೋದ್ಯೋಗಿ ಎಂದು ನನ್ನನ್ನೂ ನೆನಪಿಸಿಕೊಂಡು, ನಾಲ್ಕು ಮಾತು ಬರೆದು ಕಳಿಸಿ ಎಂದರು. ಬರೆದು ಕಳಿಸಿದೆ. ಮೂರನೆಯ ದಿನ ಅದು ತಿದ್ದಿಸಿಕೊಂಡು ವಾಪಸ್ ಬಂತು. ಮುಕ್ಕಾಲು ಪಾಲು ಕತ್ತರಿಗೆ ಹೋಗಿತ್ತು. ಉಳಿದ ಕಾಲು ಪಾಲಿನಲ್ಲಿ ಅಕ್ಕ ‘ಮೃದು ಸ್ವಭಾವದವರು’, ‘ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರು’, ‘ಇಲ್ಲ ಎಂಬ ಮಾತನ್ನೇ ಅರಿಯದವರು’ ಆಗಿಬಿಟ್ಟಿದ್ದರು. ಪುಟದ ಕೊನೆಯಲ್ಲಿ ಒಂದು ಗೆರೆ ಎಳೆದು, ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸಿ ಎಂದಿದ್ದರು.

ಓದಿ ನನಗೆ ಮೈಯೆಲ್ಲ ಉರಿಯಿತು. ಇಲ್ಲ ಎಂಬ ಮಾತನ್ನು ಅರಿಯದವರಂತೆ! ನಾನು ಕಂಡವರಲ್ಲಿ ಆ ಮಾತನ್ನು ಅಷ್ಟು ಸಲ, ಅಷ್ಟು ಮರ್ಯಾದೆಯಿಂದ ಹೇಳಿದವರು ಇನ್ನೊಬ್ಬರಿಲ್ಲ. ‘ಮುಡಿಯಾದುಂಗ’ ಎನ್ನುತ್ತಿದ್ದರು. ಮುಡಿಯಾದು ಎಂದರೆ ತಮಿಳಿನಲ್ಲಿ ಆಗುವುದಿಲ್ಲ. ಕೊನೆಯಲ್ಲಿ ಬರುವ ‘ಂಗ’ ಕೊಯಮತ್ತೂರು ಸೀಮೆಯವರು ಕೊಡುವ ಮರ್ಯಾದೆ. ನಮ್ಮ ಕಡೆಯ ‘ರೀ’ ಇದ್ದ ಹಾಗೆ. ಎದುರಿಗೆ ಯಾರೇ ಇರಲಿ, ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆ ಮಾಡದೆ ಆಗುವುದಿಲ್ಲ ಎಂದು ಹೇಳಿ, ಕೈಕಟ್ಟಿ ಕೂರುತ್ತಿದ್ದರು. ಪುಸ್ತಿಕೆಯವರು ಕತ್ತರಿಸಿದ್ದೆಲ್ಲ ಈ ಒಂದು ಮಾತಿನ ಸುತ್ತಲಿನದು. ಅದನ್ನೇ ಇಲ್ಲಿ ಬರೆಯುತ್ತೇನೆ. ಮೊದಲು ಬರೆದದ್ದಕ್ಕಿಂತ ಜಾಸ್ತಿಯೇ ಬರೆಯುತ್ತೇನೆ.

ಎರಡು ಸಾವಿರದ ಮೊದಲ ದಶಕದ ನಡುಭಾಗ ಅದು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದ ನಾನು ಕೊಯಮತ್ತೂರಿನ ತುಡಿಯಲೂರಿನಲ್ಲಿ ಕೋಣೆ ಹಿಡಿದು, ಕಂಪನಿಯ ಬಸ್ಸಿನಲ್ಲಿ ಅವಿನಾಶಿಗೆ ಹೋಗಿಬರುತ್ತಿದ್ದೆ. ಕಂಪನಿ ಹೊಲಿಯುತ್ತಿದ್ದದ್ದು ಮಕ್ಕಳ ಟೀ ಶರ್ಟು. ತಿರುಪ್ಪೂರಿನ ಸುತ್ತಮುತ್ತ ಏನೇ ಹೊಲಿಯಲಿ, ಜನರ ಬಾಯಲ್ಲಿ ಅದು ಬನಿಯನ್ ಕಂಪನಿಯೇ. ನನ್ನನ್ನು ತೆಗೆದುಕೊಂಡದ್ದು ಕಂಪ್ಯೂಟರ್ ವಿಭಾಗಕ್ಕೆ. ಸೇರಿದ ಮೊದಲ ವಾರ ಪಕ್ಕದ ಮೇಜಿನಿಂದ ಯಾರೋ ಮೆಲ್ಲಗೆ ಎಣಿಸುವುದು ಕೇಳಿಸಿತು: “ಅದ್ನಾರು, ಅದ್ನೇಳು, ಅದ್ನೆಂಟು...” ಸುತ್ತ ತಮಿಳೇ ತಮಿಳು ಕೇಳಿ ಸುಸ್ತಾಗಿದ್ದ ನನ್ನ ಕಿವಿ ನಿಮಿರಿತು.

ತಿರುಗಿ ನೋಡಿದರೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಇಸ್ತ್ರಿ ಮಾಡಿದ ಹತ್ತಿಯ ಸೀರೆ, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲ್ಲು, ಮೇಜಿನ ಮೇಲೆ ಇಬ್ಬರಿಗಾಗುವಷ್ಟು ದೊಡ್ಡ ಸ್ಟೀಲಿನ ಊಟದ ಡಬ್ಬಿ. “ನೀವು ಕನ್ನಡದವರಾ?” ಎಂದು ಹೆಚ್ಚುಕಡಿಮೆ ಕೂಗಿಯೇಬಿಟ್ಟೆ.

“ಎಣಿಸೋದು ಮಾತ್ರ ಕನ್ನಡ ತಂಬಿ. ಬೈಯೋದು ತಮಿಳು” ಎಂದರು. ಅವತ್ತಿನಿಂದ ನಾನು ಅವರಿಗೆ ತಂಬಿ, ಅವರು ನನಗೆ ಅಕ್ಕ. ಕಂಪನಿಯಲ್ಲಿ ಅವರಿಗಿಂತ ದೊಡ್ಡವರೂ ಅಕ್ಕಾ ಎಂದೇ ಕರೆಯುತ್ತಿದ್ದರು.

ನೇಯ್ಗೆಯ ಮನೆತನ ಅವರದು. ಕನ್ನಡ ಸೀಮೆಯಿಂದ ಯಾವ ಕಾಲದಲ್ಲೋ ಬಂದು ಅವಿನಾಶಿಯಲ್ಲಿ ನೆಲೆ ನಿಂತವರು. “ಯಾವ ಊರಿಂದ ಬಂದೋರು ಅಕ್ಕಾ ನೀವು?” ಎಂದು ಕೇಳಿದರೆ, “ಅದು ಗೊತ್ತಿದ್ರೆ ರಜಾ ಆಕಿ ನೋಡ್ಕೊಂಡು ಬರ್ತಾ ಇರ್ಲಿಲ್ವಾ?” ಎಂದು ನಕ್ಕರು. ಮನೆಯಲ್ಲಿ ಆಡುವುದು ಕನ್ನಡ, ಓದಿದ್ದು ತಮಿಳು ಶಾಲೆ. ಕನ್ನಡ ಅಕ್ಷರ ಒಂದೂ ಬಾರದು. ನಾನು ಊರಿಂದ ತಂದ ವಾರಪತ್ರಿಕೆಯನ್ನು ಊಟದ ಹೊತ್ತಿನಲ್ಲಿ ನನ್ನ ಕೈಯಲ್ಲೇ ಓದಿಸುತ್ತಿದ್ದರು. ಓದುತ್ತಿದ್ದರೆ ನಡುವೆ ತಡೆದು, “ತಂಬಿ, ನಿಮ್ದು ರೇಡಿಯೋ ಕನ್ನಡ. ಯಾರು ಮನೇಲಿ ಇಂಗೆ ಮಾತಾಡ್ತಾರೆ?” ಎಂದು ಕಾಲೆಳೆಯುತ್ತಿದ್ದರು. ಆಮೇಲೆ ಅದೇ ವಾಕ್ಯವನ್ನು ತಮ್ಮ ಕನ್ನಡಕ್ಕೆ ಬದಲಿಸಿ ಹೇಳಿ, ಈಗ ಸರಿಯಾಯಿತು ಎನ್ನುವಂತೆ ತಲೆಯಾಡಿಸುತ್ತಿದ್ದರು.

ಕಂಪ್ಯೂಟರ್ ವಿಭಾಗಕ್ಕೆ ಬರುವ ಮೊದಲು ಹನ್ನೆರಡು ವರ್ಷ ಅವರು ಆರ್ಡರ್ ವಿಭಾಗದಲ್ಲಿದ್ದರು. ಹೊರದೇಶದ ವ್ಯಾಪಾರಿಗಳು ಕಳಿಸಿದ ಆರ್ಡರುಗಳನ್ನು ಬಣ್ಣವಾರು, ಅಳತೆವಾರು ಬಿಡಿಸಿ ಟೈಪು ಮಾಡುವ ಕೆಲಸ. ಸಂಜೆ ಪಾಲಿಟೆಕ್ನಿಕ್‌ಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ನಮ್ಮ ಕಡೆ ಬಂದಿದ್ದರು. ಹಳೆಯ ಆರ್ಡರುಗಳನ್ನೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಹಾಕಿ ತಮ್ಮ ಕಾಲ ಬುಡದಲ್ಲೇ ಇಟ್ಟುಕೊಂಡಿದ್ದರು. ಅದನ್ನು ಗುಜರಿಗೆ ಹಾಕಿ ಎಂದು ಆಡಳಿತದವರು ಆರು ತಿಂಗಳಿಗೊಮ್ಮೆ ಹೇಳುವರು. ಅಕ್ಕ ಆರು ತಿಂಗಳಿಗೊಮ್ಮೆ ಮುಡಿಯಾದುಂಗ ಎನ್ನುವರು.

ಆ ವರ್ಷ ಕಂಪನಿ ಒಂದು ಹೊಸ ಸಾಫ್ಟ್‌ವೇರ್ ಕೊಂಡಿತು. ಅದರದು ನಡುವೆ ನಿಲ್ಲುವ ಕೆಲಸ. ಯೂರೋಪಿನ ವ್ಯಾಪಾರಿಯ ಕಂಪ್ಯೂಟರಿನಿಂದ ಆರ್ಡರು ಒಂದು ಸಂದೇಶವಾಗಿ ಬರುತ್ತದೆ, ಅದು ಅವನ ಕ್ರಮದಲ್ಲಿರುತ್ತದೆ. ನಮ್ಮ ಕಾರ್ಖಾನೆಯ ಸಾಫ್ಟ್‌ವೇರಿಗೆ ಬೇಕಾದ ಕ್ರಮವೇ ಬೇರೆ. ಅವನು ಅಳತೆಗಳನ್ನು ಒಂದರ ಕೆಳಗೊಂದು ಬರೆದಿರುತ್ತಾನೆ, ನಮ್ಮದಕ್ಕೆ ಅಡ್ಡಸಾಲಿನಲ್ಲಿ ಬೇಕು. ಹೊಸ ಸಾಫ್ಟ್‌ವೇರ್ ಸಂದೇಶವನ್ನು ಬಿಚ್ಚಿ, ನಮ್ಮ ಕ್ರಮಕ್ಕೆ ಬದಲಿಸಿ, ಮುಂದಕ್ಕೆ ದಾಟಿಸಬೇಕು. ಆರ್ಡರು, ರವಾನೆ ಸೂಚನೆ, ಬಿಲ್ಲು ಹೀಗೆ ಹದಿನಾಲ್ಕು ಬಗೆಯ ಸಂದೇಶಗಳಿದ್ದವು.

ಹೇಗೆ ಬದಲಿಸಬೇಕು ಎಂಬುದನ್ನು ಅದಕ್ಕೆ ಹೇಳಿಕೊಡಲು ಮೂರು ದಾರಿಗಳಿದ್ದವು. ಎಲ್ಲಕ್ಕಿಂತ ಸುಲಭದ್ದು ಗೆರೆ ಎಳೆಯುವುದು. ಪರದೆಯ ಎಡಗಡೆ ಅವರ ಕಾಲಂಗಳು, ಬಲಗಡೆ ನಮ್ಮವು. ಮೌಸ್ ಹಿಡಿದು ಇದರಿಂದ ಅದಕ್ಕೆ ಗೆರೆ ಎಳೆದರೆ ಆಯಿತು. ಇಲ್ಲವೇ ಎಕ್ಸ್‌ಎಸ್‌ಎಲ್‌ಟಿ ಎಂಬ ಬೇರೆಯದೇ ಭಾಷೆಯಲ್ಲಿ ಬರೆಯಬಹುದಿತ್ತು. ಅದೂ ಬೇಡವೆಂದರೆ ಜಾವಾದಲ್ಲಿ ಮೊದಲಿಂದ ಕೊನೆಯವರೆಗೆ ಕೈಯಾರೆ ಪ್ರೋಗ್ರಾಂ ಬರೆಯಬೇಕು. ಸಾಫ್ಟ್‌ವೇರ್ ಜೋಡಿಸಿಕೊಡಲು ಚೆನ್ನೈನಿಂದ ಬಂದಿದ್ದ ಸಲಹೆಗಾರರು ಮೊದಲ ದಿನವೇ ತೀರ್ಮಾನ ಹೇಳಿಬಿಟ್ಟರು. ಹದಿನಾಲ್ಕಕ್ಕೂ ಗೆರೆಯೇ. ಗೆರೆಯಾದರೆ ಯಾರಿಗೆ ಬೇಕಾದರೂ ತಿಳಿಯುತ್ತದೆ, ಬೇಗ ಮುಗಿಯುತ್ತದೆ, ಎಲ್ಲ ಕಡೆ ತಾವು ಹಾಗೇ ಮಾಡಿರುವುದು ಎಂದರು. ಮನುಷ್ಯ ಕೆಟ್ಟವರಲ್ಲ. ಅವರ ತಲೆಯಲ್ಲಿ ಒಂದು ದಿನಾಂಕ ಕೂತಿತ್ತು, ಅಷ್ಟೆ.

ಅಕ್ಕ ಗೆರೆಗೆ ವಿರೋಧಿ ಎಂದು ಆಮೇಲೆ ಕೆಲವರು ಹಬ್ಬಿಸಿದರು. ಶುದ್ಧ ಸುಳ್ಳು. ಹದಿಮೂರು ಸಂದೇಶಗಳಿಗೆ ಅವರೇ ಕೂತು ಗೆರೆ ಎಳೆದರು. ಆದರೆ ಎಳೆಯುವ ಮೊದಲು ಒಂದೊಂದನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ತುರುಬಿನ ಪೆನ್ಸಿಲ್ ತೆಗೆದು, ಸಾಲುಸಾಲಿಗೂ ನಿಲ್ಲುತ್ತಿದ್ದರು. “ಇದ್ರಲ್ಲಿ ಯಾವುದು ಬರ್ದೇ ಇರ್ಬೌದು?” ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುವರು. ನಾವೆಲ್ಲ ಏನು ಬರುತ್ತದೆ ಎಂದು ನೋಡುತ್ತಿದ್ದೆವು. ಅವರ ಕಣ್ಣು ಏನು ಬರದೆ ಹೋಗಬಹುದು ಎಂಬ ಕಡೆ. ಬಿಲ್ಲಿನಲ್ಲಿ ಬರದೆ ಹೋಗುವಂಥದ್ದು ಏನೂ ಇಲ್ಲ, ಗೆರೆ ಸಾಕು. ರವಾನೆ ಸೂಚನೆಗೂ ಸಾಕು. ಹದಿನಾಲ್ಕನೆಯದಕ್ಕೆ, ಅಂದರೆ ಆರ್ಡರಿನ ಸಂದೇಶಕ್ಕೆ, ಪೆನ್ಸಿಲ್ ನಿಂತುಬಿಟ್ಟಿತು.

ಅದಕ್ಕೆ ಎಕ್ಸ್‌ಎಸ್‌ಎಲ್‌ಟಿ ಒಳ್ಳೆಯದು ಎಂದು ನಾನು ಹಾರಾಡಿದೆ. ಕಾಲೇಜಿನಿಂದ ಆಗಷ್ಟೇ ಬಂದವನು. ಕಷ್ಟದ್ದನ್ನು ಬರೆದು ತೋರಿಸುವ ಚಪಲ. ಎರಡು ದಿನ ಕೂತು ಬರೆದೆ. ಕೆಲಸವನ್ನೂ ಮಾಡಿತು. ಅಕ್ಕ ನೋಡಿ, ಚೆನ್ನಾಗಿದೆ ಎಂದರು. ಒಂದು ವಾರ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಅದರ ಒಂದು ಪುಟವನ್ನು ನನ್ನ ಮುಂದಿಟ್ಟು, “ಈ ಸಾಲು ಏನ್ ಮಾಡತ್ತೆ, ಏಳಿ” ಎಂದರು. ನೋಡಿದೆ. ಇನ್ನೊಂದು ಸಲ ನೋಡಿದೆ. ನಾನೇ ಬರೆದದ್ದು, ನನಗೇ ಅರ್ಥವಾಗಲಿಲ್ಲ.

“ಬರ್ದೋರಿಗೇ ಒಂದು ವಾರಕ್ಕೆ ಮರ್ತೋಯ್ತು. ನಾಳೆ ನೀವು ಮದುವೆ ಆಗಿ ಊರಿಗೆ ಓಗ್ತೀರಿ. ಅಪ್ಪುರಂ ಇಲ್ಲಿ ಕೂರೋ ಪಿಳ್ಳೆ ಏನ್ ಮಾಡತ್ತೆ?” ಅಪ್ಪುರಂ ಎಂದರೆ ಆಮೇಲೆ, ಪಿಳ್ಳೆ ಎಂದದ್ದು ಮುಂದೆ ಆ ಕುರ್ಚಿಗೆ ಬರಲಿರುವ ಹುಡುಗಿಯನ್ನು. ಕೊಯಮತ್ತೂರಿನ ಪಾಲಿಟೆಕ್ನಿಕ್‌ಗಳಲ್ಲೆಲ್ಲ ಜಾವಾ ಕಲಿಸುತ್ತಾರೆ, ಆದ್ದರಿಂದ ಈ ಒಂದನ್ನು ಜಾವಾದಲ್ಲಿ, ಅದೂ ನೇರವಾಗಿ, ಜಾಣತನ ತೋರಿಸದೆ ಬರೆಯಬೇಕು ಎಂದರು. ಜಾಣತನ ಎನ್ನುವಾಗ ನನ್ನ ಕಡೆ ನೋಡಿ, ತಟ್ಟೆಗೆ ಒಂದು ಸೌಟು ಪೊರಿಯಲ್, ಅಂದರೆ ನಮ್ಮ ಪಲ್ಯ, ಬಡಿಸಿದರು. ಅದು ಅವರ ಕ್ರಮ, ಬೈದ ಮೇಲೆ ಬಡಿಸುವುದು.

ಸಲಹೆಗಾರರು ಒಪ್ಪಲಿಲ್ಲ. ತಾವೇ ಆರ್ಡರಿಗೂ ಗೆರೆ ಎಳೆದರು, ಮಾದರಿ ಆರ್ಡರುಗಳನ್ನು ಹಾಕಿ ಪರೀಕ್ಷಿಸಿದರು, ಎಲ್ಲವೂ ಸರಿಯಾಗಿ ಬಂತು. ಬರದೆ ಏನು? ಅವರ ಮಾದರಿಗಳಲ್ಲಿ ಎಲ್ಲ ಬಣ್ಣಕ್ಕೂ ಎಲ್ಲ ಅಳತೆಗಳಿದ್ದವು. ಅಕ್ಕ ಟ್ರಂಕು ಎಳೆದು ಒಂದು ಹಳೆಯ ಆರ್ಡರು ತೆಗೆದರು. ಮೂರು ಬಣ್ಣ: ಮೆರೂನು, ನೀಲಿ, ಹಳದಿ. ಒಂದೊಂದಕ್ಕೂ ಮಕ್ಕಳ ವಯಸ್ಸಿನ ಪ್ರಕಾರ ನಾಲ್ಕು ಅಳತೆ. ಎರಡು ಮೂರು ವರ್ಷದವರದು, ನಾಲ್ಕೈದರದು, ಆರೇಳರದು, ಎಂಟೊಂಬತ್ತರದು. ಆದರೆ ಮೆರೂನಿನಲ್ಲಿ ನಾಲ್ಕೈದರ ಅಳತೆ ಬೇಡವೆಂದು ವ್ಯಾಪಾರಿ ಆ ಸಾಲನ್ನೇ ಬರೆದಿರಲಿಲ್ಲ. ಅದನ್ನು ಟೈಪು ಮಾಡಿ ಒಳಗೆ ಕಳಿಸಿದರು.

ಹೊರಗೆ ಬಂದದ್ದನ್ನು ನೋಡಿ ನಾನು ಸರಿಯಾಗಿದೆ ಎಂದೆ. ಒಟ್ಟು ಸಂಖ್ಯೆ ತಾಳೆಯಾಗಿತ್ತು. ಅಕ್ಕ ಪೆನ್ಸಿಲ್ಲಿನಿಂದ ತೋರಿಸಿದರು. ಮೆರೂನಿನ ನಾಲ್ಕೈದರ ಜಾಗಕ್ಕೆ ಆರೇಳರ ಸಂಖ್ಯೆ ಬಂದು ಕೂತಿತ್ತು. ಆರೇಳರ ಜಾಗಕ್ಕೆ ಎಂಟೊಂಬತ್ತರದು. ಎಂಟೊಂಬತ್ತರ ಜಾಗಕ್ಕೆ ನೀಲಿಯ ಮೊದಲ ಸಂಖ್ಯೆ. ಹೀಗೆ ಎಲ್ಲವೂ ಒಂದೊಂದು ಮನೆ ಜರುಗಿ, ಕೊನೆಗೆ ಹಳದಿಯ ಕೊನೆಯ ಮನೆ ಖಾಲಿ. ಒಂದೂ ಕಳೆದುಹೋಗಿರಲಿಲ್ಲ, ಮೊದಲನೆಯದೊಂದು ಬಿಟ್ಟು ಯಾವುದೂ ತನ್ನ ಜಾಗದಲ್ಲಿರಲಿಲ್ಲ.

ಸಲಹೆಗಾರರು ವ್ಯಾಪಾರಿಯ ದಾಖಲೆ ತೆಗೆದು ಓದಿದರು. ಬೇಡವಾದ ಅಳತೆಗೆ ಸೊನ್ನೆ ಬರೆದು ಕಳಿಸಲಾಗುವುದು ಎಂದು ಅದರಲ್ಲಿತ್ತು. ಆದ್ದರಿಂದ ಇಂಥ ಆರ್ಡರು ಬರುವುದೇ ಇಲ್ಲ, ಇದು ತಪ್ಪು ಸಂದೇಶ ಎಂದರು.

“ದಾಖಲೆ ಆರ್ಡರು ಕಳಿಸಲ್ಲಂಗ ಸಾರ್. ಅಲ್ಲಿ ಒಬ್ಬ ಮನುಷ್ಯ ಕೂತು ಕಳಿಸ್ತಾನೆ. ಅವನಿಗೆ ಸೊನ್ನೆ ಬರೆಯೋಕೆ ಬೇಜಾರು. ಹನ್ನೆರಡು ವರ್ಷ ಅವನ ಕೈಬರಹ ನೋಡಿದೀನಿ” ಎಂದು ಅಕ್ಕ ತಮಿಳಿನಲ್ಲಿ ಹೇಳಿದರು. ಸಲಹೆಗಾರರು ನಕ್ಕು, ಎರಡನೆಯ ಹಂತದಲ್ಲಿ ನೋಡೋಣ ಎಂದು ಬರೆದುಕೊಂಡರು.

ನನಗೂ ಇದು ಯಾಕೋ ಅತಿಯಾಯಿತು ಅನ್ನಿಸಿತ್ತು. ಮುಚ್ಚಿಡುವುದೇಕೆ, ಅಕ್ಕನಿಗೆ ಹಟ ಜಾಸ್ತಿ ಎಂದೇ ಅಂದುಕೊಂಡೆ. ಮುಖ ನೋಡಿಯೇ ಗೊತ್ತಾಯಿತೋ ಏನೋ, ಆ ಭಾನುವಾರ ಮನೆಗೆ ಊಟಕ್ಕೆ ಬರಹೇಳಿದರು. ಅವಿನಾಶಿಯ ಗುಡಿಯ ಹಿಂದಿನ ಬೀದಿ. ಅಕ್ಕಪಕ್ಕದ ಮನೆಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು, ಅವರ ಮನೆಯಲ್ಲಿ ಮಾತ್ರ ಒಂದು ಕೈಮಗ್ಗ ಉಳಿದಿತ್ತು. ಅವರ ತಂದೆ, ಎಪ್ಪತ್ತು ದಾಟಿದವರು, ಮಗ್ಗದ ಹಿಂದೆ ಕೂತು ಹೊಸ ಹಾಸು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಜೋಡಿಸುತ್ತಿದ್ದರು. ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವ ಕೆಲಸ. ಎಡಗೈಯಲ್ಲಿ ಹಳೆಯ ಎಳೆ, ಬಲಗೈಯಲ್ಲಿ ಹೊಸದು, ಬೂದಿ ಮುಟ್ಟಿದ ಬೆರಳಿನಲ್ಲಿ ಒಂದು ತಿರುವು. ಮುಂದಿನದು.

ನಾನು ನೋಡುತ್ತಿದ್ದ ಹಾಗೇ ಕೈ ನಿಂತಿತು. ಹೊಸ ಹಾಸಿನಲ್ಲಿ ಒಂದು ಎಳೆ ಇರಲೇ ಇಲ್ಲ, ಎಲ್ಲೋ ಹರಿದು ಹೋಗಿತ್ತು. ಮುದುಕರು ಪಕ್ಕದಲ್ಲಿದ್ದ ಒಂದು ಉರುಳೆಯಿಂದ ಬಿಡಿ ನೂಲು ತೆಗೆದು, ಆ ಜಾಗಕ್ಕೆ ಸೇರಿಸಿ, ಉರುಳೆಗೊಂದು ಕಲ್ಲು ಕಟ್ಟಿ ಹಿಂದೆ ಇಳಿಬಿಟ್ಟರು.

“ಅಜ್ಜಾರೆ, ಪಕ್ಕದ ಎಳೇನೇ ಕಟ್ಟಿದ್ರೆ ಆಗ್ತಿರಲಿಲ್ವಾ?” ಎಂದು ಕೇಳಿದೆ.

ಅವರು ನನ್ನನ್ನು ಕನಿಕರದಿಂದ ನೋಡಿ, ಮಗುವನ್ನು ಮುದ್ದಿನಿಂದ ಕರೆಯುವಂತೆ ಕಣ್ಣೂ ಎಂದು ಕರೆದೇ ಹೇಳಿದರು. “ಕಟ್ಟಬೌದು. ಅಪ್ಪುರಂ ಎಲ್ಲಾ ಎಳೇನೂ ಪಕ್ಕದ್ ಮನೆಗ್ ಓಗತ್ತೆ. ಅಂಚಿನ ಬಣ್ಣ ಒಡಲಿಗ್ ಬರತ್ತೆ. ಕೊನೇಲಿ ಒಂದು ಎಳೆ ಒಂಟಿಯಾಗಿ ನಿಂತ್ಕೊಂಡು ನಂದೆಲ್ಲಿ ಅಂತ ಕೇಳತ್ತೆ. ನೂಲು ಇಲ್ಲಾಂದ್ರೆ ಅದ್ರ ಜಾಗ ಇಲ್ಲಾಂತ ಆಗತ್ತಾ ಕಣ್ಣೂ?”

ಅಕ್ಕ ಒಳಗಿನಿಂದ ಅನ್ನದ ಪಾತ್ರೆ ತಂದು ಇಟ್ಟರು. ಅವರ ಜಾವಾ ಪ್ರೋಗ್ರಾಮಿನ ಕರಡನ್ನು ನಾನು ಅದಾಗಲೇ ನೋಡಿದ್ದೆ. ಆ ಹೊತ್ತಿಗೆ ಅರ್ಥವಾಯಿತು. ಪ್ರತಿ ಬಣ್ಣಕ್ಕೂ ಮೊದಲು ನಾಲ್ಕು ಅಳತೆಯ ಮನೆಗಳನ್ನೂ ಹಾಕಿ ಸೊನ್ನೆ ತುಂಬುವುದು, ಆಮೇಲೆ ಸಂದೇಶದಲ್ಲಿ ಏನು ಬಂದಿದೆಯೋ ಅದನ್ನು ಅದರದರ ಮನೆಯಲ್ಲಿಡುವುದು. ಬಾರದವರಿಗೂ ಜಾಗ ಇರಬೇಕು. ಅಪ್ಪನಿಂದ ಕಲಿತದ್ದನ್ನೇ ಮಗಳು ಪ್ರೋಗ್ರಾಮಿನಲ್ಲಿ ಬರೆದಿದ್ದರು.

ಸಹಿಯ ದಿನ ಬಂತು. ಹೊಸ ಸಾಫ್ಟ್‌ವೇರ್ ಶುರು ಮಾಡಲು ನಮ್ಮ ಕಡೆಯಿಂದ ಒಪ್ಪಿಗೆ ಪತ್ರ ಬೇಕು. ಸಂದೇಶಗಳನ್ನು ಪರೀಕ್ಷಿಸಿ ನೋಡಿದ್ದೇವೆ, ಎಲ್ಲ ಸರಿಯಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅಕ್ಕ ಸಹಿ ಹಾಕಬೇಕಾದ ಗೆರೆ. ಡೈರೆಕ್ಟರ್ ಕೋಣೆಯಲ್ಲಿ ಸಲಹೆಗಾರರು, ಅಕ್ಕ, ನಾನು.

ಅಕ್ಕ ಓದಿ, ಪತ್ರವನ್ನು ಮೆಲ್ಲಗೆ ಮೇಜಿನ ಆಚೆಗೆ ಸರಿಸಿದರು. “ಮುಡಿಯಾದುಂಗ.”

“ಒಂದು ಸಹಿ ಅಕ್ಕಾ. ಹದಿಮೂರು ಸರಿಯಿದೆ ಅಂತ ನೀವೇ ಹೇಳ್ತೀರಿ” ಎಂದರು ಡೈರೆಕ್ಟರ್.

“ಹದಿಮೂರಕ್ಕೆ ಈಗಲೇ ಹಾಕ್ತೀನಿ ಸಾರ್. ಇದ್ರಲ್ಲಿ ಎಲ್ಲಾ ಅಂತ ಬರೆದಿದೆ.”

“ಯಾವತ್ತೋ ಬರಬಹುದಾದ ಒಂದು ಆರ್ಡರಿಗಾಗಿ ಇಡೀ ಕೆಲಸ ನಿಲ್ಲಿಸ್ತೀರಾ?”

“ಕೆಲಸ ನಿಲ್ಲಿಸಿ ಅಂತ ಹೇಳಿಲ್ಲ ಸಾರ್. ನಾನು ಹಾಕಲ್ಲ ಅಂದೆ. ನಾನು ಹಾಕಲಿಲ್ಲ ಅಂತ ಅದರಲ್ಲೇ ಬರೀರಿ, ಏಕೆ ಅಂತಲೂ ಬರೀರಿ.”

ಡೈರೆಕ್ಟರ್ ಪತ್ರ ತಿರುಗಿಸಿ ನೋಡಿದರು. ಹಾಗೆ ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಅವರಿಗೆ ಸಿಟ್ಟು ಬಂತು. ನಾಳೆಯಿಂದ ಅಕ್ಕ ಕಟಿಂಗ್ ವಿಭಾಗದಲ್ಲಿ ಚೀಟಿ ಬರೆಯಲಿ ಎಂದರು. ಹನ್ನೆರಡು ವರ್ಷದ ಆರ್ಡರು, ಡಿಪ್ಲೊಮಾ, ಜಾವಾ, ಎಲ್ಲ ಮುಗಿದು, ಕತ್ತರಿಸಿದ ಬಟ್ಟೆಯ ಕಟ್ಟುಗಳಿಗೆ ಚೀಟಿ. ಅಕ್ಕ ಎದ್ದು, “ಸರಿಂಗ ಸಾರ್” ಎಂದು ಕೈಮುಗಿದು ಹೊರಗೆ ಹೋದರು.

ಪತ್ರ ನನ್ನ ಮುಂದೆ ಬಂತು.

ಇಲ್ಲಿ ನಾನು ಸುತ್ತಿಬಳಸಿ ಬರೆಯುವುದಿಲ್ಲ. ನನಗೆ ಗೊತ್ತಿತ್ತು. ಮುದುಕರ ಬೆರಳು ನೋಡಿಬಂದ ಮೇಲೂ ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ. ನನ್ನ ಕೆಲಸ ಕಾಯಂ ಆಗಲು ಎರಡು ತಿಂಗಳಿತ್ತು, ಹೆದರಿದೆ, ಸಹಿ ಹಾಕಿದೆ. ಪೆನ್ನು ಕೂಡ ಸಲಹೆಗಾರರದೇ.

ಮರುದಿನ ಊಟದ ಹೊತ್ತಿಗೆ ಮುಖ ತೋರಿಸಲಾಗದೆ ಕ್ಯಾಂಟೀನಿನ ಮೂಲೆಯಲ್ಲಿ ಕೂತಿದ್ದೆ. ಅಕ್ಕ ಆ ದೊಡ್ಡ ಡಬ್ಬಿ ಹಿಡಿದು ಬಂದು ಎದುರಿಗೆ ಕೂತು, ಮಾಮೂಲಿನಂತೆ ನನ್ನ ತಟ್ಟೆಗೆ ಪೊರಿಯಲ್ ಹಾಕಿದರು. ಬೈಯಲಿಲ್ಲ, ಬರೀ ಬಡಿಸಿದರು. “ಅಕ್ಕಾ...” ಎಂದು ಶುರು ಮಾಡಿದೆ. “ತಿನ್ನಿ ತಂಬಿ. ಊಟಕ್ಕೆ ಸಹಿ ಬೇಕಾಗಿಲ್ಲ” ಎಂದರು. ನಾಲ್ಕು ಬೈಗುಳ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಐದು ವಾರ ಎಲ್ಲ ಸುಸೂತ್ರ. ಆರ್ಡರುಗಳು ತಾವಾಗಿ ಬಂದವು, ತಾವಾಗಿ ಬದಲಾದವು, ಕಟಿಂಗ್ ವಿಭಾಗದಲ್ಲಿ ತಾವಾಗಿ ಮುದ್ರಣವಾದವು. ಸಲಹೆಗಾರರು ಪ್ರಶಂಸಾಪತ್ರ ತೆಗೆದುಕೊಂಡು ಚೆನ್ನೈಗೆ ಹೋದರು. ಆರನೆಯ ವಾರ ಒಂದು ಬೆಳಿಗ್ಗೆ ನನ್ನ ಮೇಜಿಗೆ ಫೋನು ಬಂತು. ಹಿಂದೆ ಕಟಿಂಗ್ ಮಾಸ್ಟರ್ ಕೂಗಾಡುತ್ತಿರುವ ಸದ್ದು, ಮುಂದೆ ಅಕ್ಕನ ದನಿ: “ತಂಬಿ, ನಿಮ್ಮ ಸಹಿ ಇಲ್ಲಿಗೆ ಬಂದಿದೆ. ಬಂದು ನೋಡಿ.”

ಓಡಿದೆ. ಉದ್ದನೆಯ ಮೇಜಿನ ಮೇಲೆ ಮೆರೂನು ಬಟ್ಟೆಯನ್ನು ಮೊಣಕೈ ಎತ್ತರಕ್ಕೆ ಪದರಪದರವಾಗಿ ಹಾಸಿದ್ದರು. ಅದರ ಮೇಲೆ, ಸರಿಯಾಗಿ ಕತ್ತರಿ ಯಂತ್ರ ಹಾಯಬೇಕಾದ ದಾರಿಯಲ್ಲಿ, ಅಕ್ಕನ ಊಟದ ಡಬ್ಬಿ. ಡಬ್ಬಿಯ ಮೇಲೆ ಅಕ್ಕನ ಎರಡೂ ಕೈ. ಮಾಸ್ಟರ್ ಯಂತ್ರ ಹಿಡಿದು ನಿಂತಿದ್ದರು. “ಚೀಟಿ ಬರೆಯೋರು ಚೀಟಿ ಬರೀಬೇಕಕ್ಕಾ. ಬಟ್ಟೆ ನಿಲ್ಲಿಸೋಕೆ ನೀವ್ಯಾರು? ಡಬ್ಬಿ ತೆಗೀರಿ” ಎಂದು ತಮಿಳಿನಲ್ಲಿ ಅರಚುತ್ತಿದ್ದರು. ಅಕ್ಕ ಅದೇ ಶಾಂತ ದನಿಯಲ್ಲಿ ಮುಡಿಯಾದುಂಗ ಎನ್ನುತ್ತಿದ್ದರು. ಹೊಲಿಯುವ ಹೆಂಗಸರೆಲ್ಲ ಯಂತ್ರ ನಿಲ್ಲಿಸಿ ನೋಡುತ್ತಿದ್ದರು.

ಕಟಿಂಗ್ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. “ಕೊನೇ ಸಾಲು ನೋಡಿ. ಹಳದಿಯಲ್ಲಿ ಎಂಟೊಂಬತ್ತು ಖಾಲಿ. ಕೊನೇಲಿ ಖಾಲಿ ಬಂದಿದ್ರೆ ನಡುವೆ ಎಲ್ಲೋ ಬಿದ್ದೋಗಿದೆ ತಂಬಿ.”

ಮೇಲೆ ಓಡಿ ವ್ಯಾಪಾರಿಯ ಮೂಲ ಸಂದೇಶ ತೆಗೆದೆ. ಮೆರೂನು, ನಾಲ್ಕೈದರ ಅಳತೆ ಇರಲಿಲ್ಲ. ಅಲ್ಲಿದ್ದ ಆ ಮನುಷ್ಯನಿಗೆ ಸೊನ್ನೆ ಬರೆಯಲು ಬೇಜಾರಾಗಿತ್ತು. ಅಕ್ಕ ಡಬ್ಬಿ ಇಡದಿದ್ದರೆ, ಯಾರೂ ಕೇಳದ ಅಳತೆಯ ಮೆರೂನು ಅಂಗಿಗಳು ರಾಶಿಬಿದ್ದಿರುತ್ತಿದ್ದವು. ಕತ್ತರಿಸಿದ ಬಟ್ಟೆಯನ್ನು ಮತ್ತೆ ಕೂಡಿಸುವ ಸಾಫ್ಟ್‌ವೇರ್ ಯಾವ ಊರಿನಲ್ಲೂ ಇಲ್ಲ. ಆ ಹೊತ್ತು ನನಗೆ ಆದ ನಾಚಿಕೆಯನ್ನು ಇಷ್ಟು ವರ್ಷವಾದರೂ ಮೈ ಮರೆತಿಲ್ಲ.

ಡೈರೆಕ್ಟರ್ ಕ್ಷಮೆ ಕೇಳಿದರು ಎಂದು ಬರೆಯಲು ನನಗೂ ಆಸೆ. ಕೇಳಲಿಲ್ಲ. ಆರ್ಡರಿನ ಸಂದೇಶಕ್ಕೆ ಆ ಜಾವಾ ಪ್ರೋಗ್ರಾಮನ್ನೇ ಹಾಕಿ ಎಂದು ನನಗೆ ಹೇಳಿಕಳಿಸಿದರು, ಅಕ್ಕನಿಗೆ ನೇರವಾಗಿ ಹೇಳಲೂ ಇಲ್ಲ. ನಾನು ಕಟಿಂಗ್ ವಿಭಾಗಕ್ಕೆ ಹೋಗಿ ತಲೆತಗ್ಗಿಸಿ ನಿಂತೆ. ಅಕ್ಕ ಚೀಟಿ ಬರೆಯುತ್ತಲೇ, “ಬರೆದು ಕೊಡ್ತೀನಿ. ಆನಾ ಒಪ್ಪಿಗೆ ಪತ್ರದಲ್ಲಿ ಇನ್ನೊಂದು ಗೆರೆ ಬೇಕು. ಇಲ್ಲಾಂದ್ರೆ ಮುಡಿಯಾದುಂಗ ಅಂತ ಏಳಿ” ಎಂದರು. ಆನಾ ಎಂದರೆ ಆದರೆ. ಅವರ ಆದರೆಗಳಿಗೆ ಕಂಪನಿ ಯಾವಾಗಲೂ ಹೆದರುತ್ತಿತ್ತು.

ಗೆರೆ ಬರಲು ಹನ್ನೊಂದು ದಿನ ಬೇಕಾಯಿತು. ಅಷ್ಟು ದಿನವೂ ಬಂದ ಆರ್ಡರುಗಳನ್ನೆಲ್ಲ ಅವರು ಕಟಿಂಗ್ ವಿಭಾಗದಲ್ಲೇ ಕೂತು ಪೆನ್ಸಿಲ್ ಹಿಡಿದು ಒಂದೊಂದು ಸಾಲೂ ತಾಳೆ ನೋಡಿದರು. ತಪ್ಪು ಅಳತೆಯ ಒಂದು ಅಂಗಿಯನ್ನೂ ಕತ್ತರಿಸಲು ಬಿಡಲಿಲ್ಲ. ಪ್ರೋಗ್ರಾಂ ಮಾತ್ರ ಕೊಡಲಿಲ್ಲ. ಹನ್ನೆರಡನೆಯ ದಿನ ಹೊಸ ಪತ್ರ ಬಂತು. ಸಹಿ ಹಾಕುವವರ ಗೆರೆಯ ಕೆಳಗೆ ಇನ್ನೊಂದು: ‘ಸಹಿ ಹಾಕದವರ ಹೆಸರು, ಕಾರಣ’. ಅಕ್ಕ ಅದನ್ನು ಎರಡು ಸಲ ಓದಿ, ತುರುಬಿನಿಂದ ಪೆನ್ಸಿಲ್ಲಲ್ಲ, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ಮೇಲಿನ ಗೆರೆಯ ಮೇಲೆ ಅಚ್ಚುಕಟ್ಟಾಗಿ ಸಹಿ ಹಾಕಿದರು. ಕೆಳಗಿನದನ್ನು ಖಾಲಿ ಬಿಟ್ಟರು. ಖಾಲಿ ಇರುವುದಕ್ಕೇ ಅದನ್ನು ಕೇಳಿದ್ದು ಎಂದು ಆ ಹೊತ್ತಿಗೆ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮತ್ತೆ ನಮ್ಮ ವಿಭಾಗಕ್ಕೆ ಬರಲು ಅವರಿಗೆ ಒಂದು ವರ್ಷ ಹಿಡಿಯಿತು. ಬಂದರು, ಟ್ರಂಕಿನ ಸಮೇತ. ನಾನು ಅವರು ಹೇಳಿದ ಹಾಗೆಯೇ ಮದುವೆಯಾಗಿ ಊರ ಕಡೆ ಬಂದೆ. ನನ್ನ ಕುರ್ಚಿಗೆ ಬಂದ ಹುಡುಗಿ ಮೊದಲ ದಿನವೇ ಅಕ್ಕನ ಪ್ರೋಗ್ರಾಂ ಓದಿ ಅರ್ಥಮಾಡಿಕೊಂಡಳಂತೆ. ನನ್ನ ಎಕ್ಸ್‌ಎಸ್‌ಎಲ್‌ಟಿ ಏನಾಯಿತು ಎಂದು ನಾನು ಕೇಳಿಲ್ಲ.

ಪುಸ್ತಿಕೆಯವರ ಪುಟ ಈಗ ನನ್ನ ಮುಂದಿದೆ. ಮೃದು ಸ್ವಭಾವದವರು, ಹೊಂದಿಕೊಂಡು ಹೋಗುವವರು, ಇಲ್ಲ ಎಂಬ ಮಾತನ್ನೇ ಅರಿಯದವರು. ಓದಿದವರು ತಲೆದೂಗಿ ಮರೆತುಬಿಡುತ್ತಾರೆ. ಅವರ ಒಂದು ‘ಇಲ್ಲ’ವನ್ನು ತೆಗೆದು ಪಕ್ಕದ ಒಳ್ಳೆಯ ಮಾತನ್ನು ಆ ಜಾಗಕ್ಕೆ ಕೂರಿಸಿದ್ದಾರೆ, ಒಟ್ಟು ತಾಳೆಯಾಗಿದೆ.

ಒಪ್ಪಿಗೆಯ ಸಹಿಗೆಂದು ಅವರು ಎಳೆದ ಗೆರೆಯನ್ನು ಹಾಗೇ ಬಿಟ್ಟು, ಅದರ ಕೆಳಗೆ ಪೆನ್ನಿನಿಂದ ಇನ್ನೊಂದು ಗೆರೆ ಎಳೆದೆ. ಸಹಿ ಹಾಕದವರ ಹೆಸರು, ಕಾರಣ ಎಂದು ಬರೆದೆ. ಹೆಸರಿನ ಕಡೆ ನನ್ನ ಹೆಸರು ಹಾಕಿದೆ. ಕಾರಣದ ಕಡೆ ಇಷ್ಟು: ಅಕ್ಕನಿಗೆ ಇಲ್ಲ ಎನ್ನಲು ಬರುತ್ತಿತ್ತು. ಆ ದಿನ ಬಾರದೆ ಹೋದದ್ದು ನನಗೆ. ಇವತ್ತು ಬಂದಿದೆ.